ಹಿಟ್ಟಿನ ಕೋಳಿಯೂ ಸಂಕಲ್ಪವೂ: ಆಚರಣೆಯ ಅಧ್ಯಯನಕ್ಕೆ ಯಶೋಧರ ಕಥೆಯ ಸಾಕ್ಷ್ಯ

1

ಧರ್ಮದ ಶಾಸ್ತ್ರೀಯ ಅಧ್ಯಯನದಲ್ಲಿ ಆಚರಣೆಗೆ ಸ್ವತಂತ್ರವಾದ ಸ್ಥಾನ ದೊರೆತು ನೂರು ವರ್ಷಗಳಿಗೂ ಮಿಕ್ಕಿದೆ. ಪ್ರಾಚೀನ ಮತಗಳಲ್ಲಿ ನಂಬಿಕೆಗಿಂತ ಕ್ರಿಯೆಯೇ ಮೊದಲಿನದೆಂದು ರಾಬರ್ಟ್‌ಸನ್ ಸ್ಮಿತ್ 1889ರಲ್ಲಿ ಸೆಮಿಟಿಕ್ ಜನರ ಧರ್ಮವನ್ನು ಕುರಿತ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಹ್ಯೂಬರ್ಟ್ ಮತ್ತು ಮೋಸ್ 1899ರಲ್ಲಿ ಬಲಿಯ ಸ್ವರೂಪವನ್ನು ವಿವೇಚಿಸುವಾಗ ವೈದಿಕ ಯಜ್ಞವನ್ನೇ ಮುಖ್ಯ ನಿದರ್ಶನವಾಗಿ ಇಟ್ಟುಕೊಂಡರು. ಡರ್ಖೈಂ 1912ರಲ್ಲಿ ಆಚರಣೆಯನ್ನು ಸಮಾಜದ ಒಗ್ಗಟ್ಟಿನ ಮೂಲವೆಂದು ಕಂಡರು. ಈ ಮಾರ್ಗದ ಫಲವು ಕರ್ನಾಟಕಕ್ಕೂ ತಲುಪಿತು. ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥದಲ್ಲಿ ಒಕ್ಕದ ಐಕ್ಯಕ್ಕೂ ಆಚರಣೆಗಳಿಗೂ ಇರುವ ಸಂಬಂಧವನ್ನು ವಿಶದವಾಗಿ ತೋರಿಸಿದರು.

ಈ ವಿದ್ವಾಂಸರೆಲ್ಲರೂ ಆಚರಣೆಗೆ ಒಂದು ಅರ್ಥವಿದೆಯೆಂಬುದನ್ನು ಒಪ್ಪಿ ನಡೆದವರು. ಮಾಡುವವನಿಗೆ ತಿಳಿಯದಿದ್ದರೂ ಸಮಾಜಕ್ಕೆ ಅದರಿಂದ ಪ್ರಯೋಜನವಿದೆ, ಆ ಪ್ರಯೋಜನವೇ ಅದರ ಅರ್ಥ ಎಂಬುದು ಅವರ ನಿಲುವಿನ ಸಾರ. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ನಿಲುವಿಗೆ ಬಲವಾದ ಎರಡು ಆಕ್ಷೇಪಗಳು ಬಂದವು. ಮೊದಲನೆಯದು ಕೇರಳದ ವೈದಿಕ ಯಜ್ಞವೊಂದರ ಪರಿಶೀಲನೆಯಿಂದ ಹುಟ್ಟಿತು. ಎರಡನೆಯದು ಜೈಪುರದ ಜೈನ ಜಿನಾಲಯಗಳ ಪೂಜೆಯ ಪರಿಶೀಲನೆಯಿಂದ ಹುಟ್ಟಿತು. ಎರಡೂ ಭಾರತದ ನೆಲದಲ್ಲಿಯೇ ಮೂಡಿದವಾದರೂ ಭಾರತದ ಶಾಸ್ತ್ರಕಾರರು ಮತ್ತು ಕಥಾಕಾರರು ಇದೇ ಪ್ರಶ್ನೆಯನ್ನು ಹೇಗೆ ಎತ್ತಿದ್ದರು ಎಂಬ ವಿಚಾರಕ್ಕೆ ಅವುಗಳಲ್ಲಿ ತಕ್ಕಷ್ಟು ಎಡೆ ದೊರೆತಿಲ್ಲ. ಜೈನ ಕಥಾಸಾಹಿತ್ಯದಲ್ಲಿ ಬಹು ಪ್ರಚಾರದಲ್ಲಿದ್ದ ಯಶೋಧರನ ಕಥೆಯನ್ನೂ ಅದು ಸೇರಿಕೊಂಡಿರುವ ನೋಂಪಿಯ ಪರಂಪರೆಯನ್ನೂ ಆಧಾರವಾಗಿಟ್ಟುಕೊಂಡು ಆ ಎರಡು ಸಿದ್ಧಾಂತಗಳ ಬಲಾಬಲವನ್ನು ಪರೀಕ್ಷಿಸುವುದು ಇಲ್ಲಿನ ಉದ್ದೇಶ.

2

ಕೇರಳದ ಪಾಂಜಾಳ್ ಎಂಬ ಗ್ರಾಮದಲ್ಲಿ 1975ರ ಏಪ್ರಿಲ್ ತಿಂಗಳಲ್ಲಿ ನಂಬೂದಿರಿ ಬ್ರಾಹ್ಮಣರು ಅಗ್ನಿಚಯನವನ್ನು ನಡೆಸಿದರು. ಫ್ರಿಟ್ಸ್ ಸ್ಟಾಲ್ ಎಂಬ ವಿದ್ವಾಂಸರು ಅದನ್ನು ಆದ್ಯಂತವಾಗಿ ದಾಖಲೆ ಮಾಡಿಸಿ 1983ರಲ್ಲಿ 'ಅಗ್ನಿ' ಎಂಬ ಹೆಸರಿನ ಎರಡು ಬೃಹತ್ ಸಂಪುಟಗಳನ್ನು ಹೊರತಂದರು. ಆಚರಣೆಗೆ ಅರ್ಥವೇ ಇಲ್ಲ, ಅದು ನಿಯಮಬದ್ಧವಾದ ಚಟುವಟಿಕೆ ಮಾತ್ರ ಎಂದು ಅವರು 1979ರ ಲೇಖನದಲ್ಲಿ ಸಾರಿದ್ದರು. 1989ರ 'ರೂಲ್ಸ್ ವಿದೌಟ್ ಮೀನಿಂಗ್' ಎಂಬ ಗ್ರಂಥದಲ್ಲಿ ಅದನ್ನೇ ವಿಸ್ತರಿಸಿದರು. ಋತ್ವಿಜನ ಗಮನವೆಲ್ಲ ಕ್ರಿಯೆಯ ಶುದ್ಧಿಯ ಕಡೆಗೆ ಇರುತ್ತದೆ. ಮಂತ್ರವನ್ನು ತಪ್ಪಿಲ್ಲದೆ ಹೇಳಬೇಕು, ಇಟ್ಟಿಗೆಯನ್ನು ಹೇಳಿದ ಸ್ಥಳದಲ್ಲಿ ಇಡಬೇಕು. ಅದು ಏನನ್ನು ಸೂಚಿಸುತ್ತದೆ ಎಂಬ ಚಿಂತೆ ಅವನಿಗಿಲ್ಲ. ಬ್ರಾಹ್ಮಣಗ್ರಂಥಗಳಲ್ಲಿ ಬರುವ ಅರ್ಥವಿವರಣೆಗಳು ಹೊರಗಿನಿಂದ ಅಂಟಿಸಿದವು. ಇದು ಸ್ಟಾಲರ ವಾದದ ತಿರುಳು.

ಈ ವಾದದಿಂದ ಒಂದು ಉಪಕಾರವಾಯಿತೆಂಬುದನ್ನು ಒಪ್ಪಬೇಕು. ಪ್ರತಿಯೊಂದು ಹೂವಿಗೂ ಪ್ರತಿಯೊಂದು ಅಕ್ಷತೆಯ ಕಾಳಿಗೂ ಒಂದು ಗೂಢಾರ್ಥವನ್ನು ಕಟ್ಟಿಬಿಡುವ ವ್ಯಾಖ್ಯಾನಪ್ರವೃತ್ತಿಗೆ ಇದು ತಡೆಯೊಡ್ಡಿತು. ವಿಧಿಗ್ರಂಥಗಳ ಹಸ್ತಪ್ರತಿಗಳನ್ನು ಓದಿದವರಿಗೆ ಇದರಲ್ಲಿರುವ ಸತ್ಯಾಂಶವು ತಾನಾಗಿಯೇ ತಿಳಿಯುತ್ತದೆ. ವಿಧಿಕಾರನು ಸಾಮಾನ್ಯವಾಗಿ ಅರ್ಥವನ್ನು ಹೇಳುವ ಗೋಜಿಗೆ ಹೋಗುವುದಿಲ್ಲ. ಎಷ್ಟು ಕಲಶ, ಯಾವ ದಿಕ್ಕು, ಯಾವ ತಿಥಿ ಎಂಬುದಷ್ಟೇ ಅವನಿಗೆ ಮುಖ್ಯ.

ಆದರೆ ಪಾಂಜಾಳಿನ ಯಜ್ಞದಲ್ಲಿಯೇ ಈ ವಾದಕ್ಕೆ ತೊಡಕಾಗುವ ಸಂಗತಿಯೊಂದು ನಡೆಯಿತು. ವಿಧಿಯಂತೆ ಅಲ್ಲಿ ಆಡುಗಳ ಬಲಿಯಾಗಬೇಕಾಗಿತ್ತು. ಸಾರ್ವಜನಿಕರಿಂದ ವಿರೋಧ ಬಂದುದರಿಂದ ಆಡಿಗೆ ಬದಲಾಗಿ ಬಾಳೆಯೆಲೆಯಲ್ಲಿ ಸುತ್ತಿದ ಅಕ್ಕಿಹಿಟ್ಟನ್ನು ಬಳಸಲಾಯಿತು. ಯಜ್ಞವು ಕುಂದಿಲ್ಲದೆ ಮುಗಿಯಿತು. ನಿಯಮವೊಂದೇ ಆಚರಣೆಯ ಸರ್ವಸ್ವವಾದರೆ ಆಡಿಗೆ ಬದಲು ಹಿಟ್ಟು ಬಂದುದು ಕೇವಲ ದ್ರವ್ಯದ ಬದಲಾವಣೆ. ಆದರೆ ಆ ಬದಲಾವಣೆ ಏಕೆ ಬೇಕಾಯಿತು? ಕೊಲ್ಲುವುದು ಎಂಬ ಕ್ರಿಯೆಗೆ ನೋಡುವವರ ಕಣ್ಣಿನಲ್ಲಿ ಅರ್ಥವಿದ್ದುದರಿಂದಲೇ ಬೇಕಾಯಿತು. ವಿರೋಧವು ಯಜ್ಞಶಾಲೆಯ ಹೊರಗಿನಿಂದ ಬಂದುದು, ಆದ್ದರಿಂದ ಅದು ಆಚರಣೆಗೆ ಸೇರಿದ್ದಲ್ಲ ಎಂದು ಸ್ಟಾಲರ ಪರವಾಗಿ ಹೇಳಬಹುದು. ಈ ಸಮಾಧಾನವೂ ನಿಲ್ಲುವುದಿಲ್ಲ. ಹಿಟ್ಟಿನ ಪಶುವಿನ ಕಲ್ಪನೆ 1975ರಲ್ಲಿ ಹುಟ್ಟಿದ್ದಲ್ಲ. ತುಪ್ಪದ ಪಶು, ಹಿಟ್ಟಿನ ಪಶುಗಳ ಮಾತು ಮನುಸ್ಮೃತಿಯಲ್ಲಿಯೇ ಇದೆ. ಕರ್ನಾಟಕದ ಮಾಧ್ವ ಸಂಪ್ರದಾಯದಲ್ಲಿ ಪಿಷ್ಟಪಶುವಿನ ಯಜ್ಞಕ್ಕೆ ಮನ್ನಣೆಯಿದೆ. ಗ್ರಾಮದೇವತೆಗಳ ಮುಂದೆ ಕುಂಕುಮ ಹಚ್ಚಿದ ಬೂದುಗುಂಬಳಕಾಯಿಯನ್ನು ಒಡೆಯುವ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಪ್ರಾಣಿಬಲಿಯನ್ನು ನಿಷೇಧಿಸುವ 1959ರ ರಾಜ್ಯ ಶಾಸನವು ಈ ಬಗೆಯ ಬದಲಿಗೆ ಮತ್ತಷ್ಟು ಒತ್ತು ಕೊಟ್ಟಿತು. ಬದಲಿಯ ವಿಚಾರವು ಪರಂಪರೆಯ ಒಳಗೇ ನಡೆದು ಬಂದದ್ದು ಎಂಬುದರಲ್ಲಿ ಸಂದೇಹವಿಲ್ಲ.

ಬದಲಿ ದ್ರವ್ಯದಿಂದ ಕ್ರಿಯೆ ಪೂರ್ಣವಾಗುವುದಾದರೆ, ಅದರ ಪಾಪಪುಣ್ಯಗಳೂ ಪೂರ್ಣವಾಗಿ ಬರುವುವೇ? ಈ ಪ್ರಶ್ನೆಯನ್ನು ಸ್ಟಾಲರು ಕೇಳಲಿಲ್ಲ. ಜೈನ ಕಥಾಕಾರರು ಸಾವಿರ ವರ್ಷಗಳಿಗೂ ಹಿಂದೆಯೇ ಕೇಳಿದರು.

3

ಯಶೋಧರನ ಕಥೆ ಜೈನರಲ್ಲಿ ಅನೇಕ ಭಾಷೆಗಳಲ್ಲಿ ಹರಡಿದೆ. ಹರಿಭದ್ರನ ಪ್ರಾಕೃತ ಸಮರಾಇಚ್ಚಕಹಾದಲ್ಲಿ ಅದು ಬಂದಿದೆ. ಸೋಮದೇವಸೂರಿ ಕ್ರಿ. ಶ. 959ರಲ್ಲಿ ಮುಗಿಸಿದ ಯಶಸ್ತಿಲಕ ಚಂಪೂವಿನ ವಸ್ತು ಇದೇ. ಪುಷ್ಪದಂತನು ಅಪಭ್ರಂಶದಲ್ಲಿ, ವಾದಿರಾಜನು ಸಂಸ್ಕೃತದಲ್ಲಿ ಇದನ್ನು ಬರೆದರು. ವಾದಿರಾಜನ ಕಾವ್ಯವನ್ನು ಅನುಸರಿಸಿ ಜನ್ನನು 1209ರಲ್ಲಿ ನಾಲ್ಕು ಅವತಾರಗಳ ಯಶೋಧರ ಚರಿತೆಯನ್ನು ರಚಿಸಿದನು.

ಕಥೆಯ ಕೇಂದ್ರದಲ್ಲಿರುವುದು ಒಂದು ಆಚರಣೆ. ಉಜ್ಜಯಿನಿಯ ಅರಸನಾದ ಯಶೋಧರನು ತನ್ನ ರಾಣಿ ಅಮೃತಮತಿ ಮಾವಟಿಗನಲ್ಲಿ ಅನುರಕ್ತಳಾಗಿರುವುದನ್ನು ಕಣ್ಣಾರೆ ಕಾಣುತ್ತಾನೆ. ಕತ್ತಿಯನ್ನೆತ್ತಿದರೂ ತಡೆದುಕೊಳ್ಳುತ್ತಾನೆ. ಕಂಡುದನ್ನು ತಾಯಿ ಚಂದ್ರಮತಿಗೆ ನೇರವಾಗಿ ಹೇಳಲಾರದೆ ಕೆಟ್ಟ ಕನಸಿನ ನೆವದಲ್ಲಿ ತಿಳಿಸುತ್ತಾನೆ. ತಾಯಿ ಅದನ್ನು ನಿಜವಾದ ದುಃಸ್ವಪ್ನವೆಂದೇ ತಿಳಿದು ದೇವಿಗೆ ಪ್ರಾಣಿಬಲಿಯನ್ನು ಕೊಟ್ಟು ಶಾಂತಿ ಮಾಡಿಸೆನ್ನುತ್ತಾಳೆ. ಮಗನು ಒಪ್ಪುವುದಿಲ್ಲ. ಕೊನೆಗೆ ತಾಯಿ ಹಿಟ್ಟಿನ ಕೋಳಿಯನ್ನಾದರೂ ಕೊಡು ಎನ್ನುತ್ತಾಳೆ. ತಾಯಿಯ ಮಾತನ್ನು ಮೀರಲಾರದೆ ಮಗನು ಒಪ್ಪುತ್ತಾನೆ. ಜೀವವಿದ್ದಂತೆಯೇ ಕಾಣುವ ಹಿಟ್ಟಿನ ಕೋಳಿ ಸಿದ್ಧವಾಗುತ್ತದೆ. ಅರಸನು ಅದನ್ನು ಕಡಿದಾಗ ಅದು ಕೂಗುತ್ತದೆ. ಅಲ್ಲಿಂದ ಮುಂದೆ ತಾಯಿಯೂ ಮಗನೂ ರಾಣಿಯಿಟ್ಟ ವಿಷದಿಂದ ಸತ್ತು, ನವಿಲು ನಾಯಿಗಳಿಂದ ಮೊದಲಾಗಿ ಹಲವು ತಿರ್ಯಗ್ಜನ್ಮಗಳಲ್ಲಿ ಬಿದ್ದು ನೋಯುತ್ತಾರೆ. ಕೊನೆಗೆ ಕೋಳಿಗಳಾಗಿ ಹುಟ್ಟಿ ಧರ್ಮವನ್ನು ಕೇಳಿ, ಅರಸ ಯಶೋಮತಿಯ ಬಾಣಕ್ಕೆ ಗುರಿಯಾಗಿ, ಅವನ ಮಕ್ಕಳಾದ ಅಭಯರುಚಿ ಮತ್ತು ಅಭಯಮತಿಯರಾಗಿ ಹುಟ್ಟುತ್ತಾರೆ. ಚಂಡಮಾರಿಯ ಗುಡಿಯಲ್ಲಿ ನರಬಲಿಗಾಗಿ ನಿಂತ ಅಭಯರುಚಿ ಬಲಿ ಕೊಡಲಿರುವ ಮಾರಿದತ್ತನಿಗೆ ಈ ವೃತ್ತಾಂತವನ್ನೆಲ್ಲ ಹೇಳುತ್ತಾನೆ.

ಸಾಹಿತ್ಯವಿಮರ್ಶೆಯಲ್ಲಿ ಅಮೃತಮತಿಯ ಪ್ರಸಂಗಕ್ಕೆ ದೊರೆತಿರುವ ಗಮನ ಹಿಟ್ಟಿನ ಕೋಳಿಯ ಪ್ರಸಂಗಕ್ಕೆ ದೊರೆತಿಲ್ಲ. ದೊರೆತಿರುವೆಡೆಯಲ್ಲಿ 'ಸಂಕಲ್ಪಹಿಂಸೆ' ಎಂಬ ಒಂದು ಪದದಿಂದ ವಿಷಯವನ್ನು ಮುಗಿಸುವುದು ವಾಡಿಕೆ: ಕೋಳಿ ಹಿಟ್ಟಿನದಾದರೂ ಕೊಲ್ಲುವ ಸಂಕಲ್ಪವಿತ್ತು, ಆದ್ದರಿಂದ ಪಾಪ ಬಂತು. ಈ ವಿವರಣೆ ಅಸಮರ್ಪಕವಾದುದು. ಕೊಲ್ಲುವ ಸಂಕಲ್ಪ ಯಶೋಧರನಿಗೆ ಎಲ್ಲಿತ್ತು? ಅವನು ಕೊಲೆಯನ್ನು ತಪ್ಪಿಸುವುದಕ್ಕಾಗಿಯೇ ಹಿಟ್ಟಿನ ಕೋಳಿಗೆ ಒಪ್ಪಿದನು. ಸಂಕಲ್ಪವೆಂದರೆ ಕರ್ತೃವಿನ ಮನಸ್ಸಿನ ಇಚ್ಛೆ ಎಂದಾದರೆ ಯಶೋಧರನು ನಿರ್ದೋಷಿ. ಪ್ರಮಾದಯೋಗದಿಂದ ಪ್ರಾಣಗಳನ್ನು ಬೇರ್ಪಡಿಸುವುದೇ ಹಿಂಸೆ ಎಂಬ ತತ್ತ್ವಾರ್ಥಸೂತ್ರದ ಲಕ್ಷಣದಂತೆ ನೋಡಿದರೂ ಹಿಟ್ಟಿಗೆ ಪ್ರಾಣವಿಲ್ಲದ ಕಾರಣ ಲಕ್ಷಣದ ಒಂದು ಅಂಗ ಇಲ್ಲಿ ಇಲ್ಲ. ಕಥೆ ಸುಲಭವಾದ ಉದಾಹರಣೆಯನ್ನು ಬಿಟ್ಟು ಇಷ್ಟು ಕಠಿನವಾದ ಉದಾಹರಣೆಯನ್ನು ಆರಿಸಿಕೊಂಡದ್ದೇ ವಿಚಾರಾರ್ಹ.

4

ಇಲ್ಲಿ ಎರಡನೆಯ ಸಿದ್ಧಾಂತವು ನೆರವಿಗೆ ಬರುತ್ತದೆ. ಕ್ಯಾರೊಲಿನ್ ಹಂಫ್ರಿ ಮತ್ತು ಜೇಮ್ಸ್ ಲೇಡ್‌ಲಾ ಅವರು ಜೈಪುರದ ಶ್ವೇತಾಂಬರ ಜೈನರ ಪೂಜೆಯನ್ನು ಪರಿಶೀಲಿಸಿ 1994ರಲ್ಲಿ 'ದ ಆರ್ಕಿಟೈಪಲ್ ಆಕ್ಷನ್ಸ್ ಆಫ್ ರಿಚುವಲ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಒಂದೇ ಪೂಜಾಕ್ರಿಯೆಗೆ ಬೇರೆ ಬೇರೆ ಶ್ರಾವಕರು ಬೇರೆ ಬೇರೆ ಅರ್ಥ ಹೇಳುತ್ತಿದ್ದುದನ್ನು ಅವರು ಕಂಡರು. ಅರ್ಥಗಳು ಬೇರೆಯಾದರೂ ಕ್ರಿಯೆ ಒಂದೇ ಆಗಿ ಉಳಿಯಿತು. ಇದರಿಂದ ಅವರು ತೆಗೆದ ತೀರ್ಮಾನ ಸೂಕ್ಷ್ಮವಾದುದು. ದಿನಬಳಕೆಯ ಕೆಲಸದಲ್ಲಿ ಮಾಡುವವನ ಉದ್ದೇಶವೇ ಆ ಕೆಲಸವು ಯಾವುದೆಂಬುದನ್ನು ನಿರ್ಧರಿಸುತ್ತದೆ. ಆಚರಣೆಯಲ್ಲಿ ಹಾಗಲ್ಲ; ಅಲ್ಲಿ ಕ್ರಿಯೆಯ ಸ್ವರೂಪವು ಮೊದಲೇ ಗೊತ್ತಾಗಿರುತ್ತದೆ. ಮಾಡುವವನು ಅದರೊಳಗೆ ಪ್ರವೇಶಿಸುತ್ತಾನೆ. ಪ್ರವೇಶಿಸಿದ ಮೇಲೆ ಅವನು ಕರ್ತೃವೂ ಹೌದು, ಅಲ್ಲವೂ ಹೌದು. ಅನ್ಯಮನಸ್ಕನಾಗಿ ಮಾಡಿದರೂ ಪೂಜೆ ಪೂಜೆಯೇ.

ಯಶೋಧರನ ಸ್ಥಿತಿಗೆ ಇದಕ್ಕಿಂತ ನಿಖರವಾದ ವಿವರಣೆ ದೊರೆಯುವುದು ಕಷ್ಟ. ಅವನು ಮನಸ್ಸಿನಲ್ಲಿ ಒಪ್ಪದೆ ಕೈಯಿಂದ ಒಪ್ಪಿದನು. ಒಳಗೆ ತನ್ನ ನಿರಾಕರಣೆಯನ್ನು ಉಳಿಸಿಕೊಂಡು ಹೊರಗೆ ಕ್ರಿಯೆಯನ್ನು ಮುಗಿಸಬಹುದೆಂದು ಭಾವಿಸಿದನು. ಆದರೆ ಅವನು ಕೈಹಾಕಿದ ಕ್ರಿಯೆಗೆ ಅದರದೇ ಆದ ಸಂಕಲ್ಪವಿತ್ತು. ದೇವಿಯ ಮುಂದೆ ನಿಲ್ಲುವುದು, ಕತ್ತಿಯನ್ನೆತ್ತುವುದು, ಬಲಿಯನ್ನು ಒಪ್ಪಿಸುವುದು ಇವೆಲ್ಲವೂ ಕೊಲೆಯ ಕ್ರಿಯಾಕ್ರಮವೇ. ಹಿಟ್ಟು ದ್ರವ್ಯವನ್ನು ಬದಲಿಸಿತೇ ಹೊರತು ಕ್ರಿಯೆಯನ್ನು ಬದಲಿಸಲಿಲ್ಲ. ಆಚರಣೆಯೊಳಗೆ ಕಾಲಿಟ್ಟವನು ಅದರ ಸಂಕಲ್ಪವನ್ನು ತನ್ನದಾಗಿ ಮಾಡಿಕೊಂಡೇ ಕಾಲಿಡುತ್ತಾನೆ ಎಂಬುದು ಕಥೆಯ ಅಭಿಪ್ರಾಯ. ಕಡಿದ ಹಿಟ್ಟಿನ ಕೋಳಿ ಕೂಗುವುದನ್ನು ಕೇವಲ ಅದ್ಭುತವೆಂದು ಬಗೆಯಬಾರದು. ಕ್ರಿಯೆಯ ರೂಪವೇ ಜೀವತಳೆದು ಕರ್ತೃವನ್ನು ಹಿಡಿದುಕೊಂಡದ್ದಕ್ಕೆ ಆ ಕೂಗು ಸಾಕ್ಷಿ. ಸೋಮದೇವನಲ್ಲಿ ತಾಯಿಮಕ್ಕಳ ನಡುವೆ ವೈದಿಕ ಹಿಂಸೆಯನ್ನು ಕುರಿತ ದೀರ್ಘವಾದ ಚರ್ಚೆ ನಡೆಯುತ್ತದೆ. ಜನ್ನನು ಚರ್ಚೆಯನ್ನು ಬಹಳ ಸಂಕ್ಷೇಪಿಸಿದನು. ಅವನಲ್ಲಿ ಭಾರವೆಲ್ಲ ಆ ಒಂದು ಕೂಗಿನ ಮೇಲೆ ಬಿದ್ದಿದೆ. ಸೋಮದೇವನು ವಾದದಿಂದ ಸಾಧಿಸಿದುದನ್ನು ಜನ್ನನು ಘಟನೆಯಿಂದ ಸಾಧಿಸಿದನೆನ್ನಬೇಕು.

ಆದರೆ ಹಂಫ್ರಿ ಮತ್ತು ಲೇಡ್‌ಲಾ ಅವರ ಸಿದ್ಧಾಂತವು ವರ್ಣನೆಯ ಹಂತದಲ್ಲಿ ನಿಲ್ಲುತ್ತದೆ. ಆಚರಣೆಯಲ್ಲಿ ಕ್ರಿಯೆಯ ಗುರುತು ಕರ್ತೃವಿನ ಉದ್ದೇಶವನ್ನು ಅವಲಂಬಿಸುವುದಿಲ್ಲವೆಂದು ತೋರಿಸಿದರೆ ಅವರ ಕೆಲಸ ಮುಗಿಯಿತು. ಜೈನ ಕಥೆಗೆ ಅದು ಆರಂಭ ಮಾತ್ರ. ಉದ್ದೇಶವಿಲ್ಲದ ಕ್ರಿಯೆಯ ಫಲವನ್ನು ಉಣ್ಣುವವರು ಯಾರು ಎಂಬುದು ಅದರ ಪ್ರಶ್ನೆ. ಕ್ರಿಯೆಯನ್ನು ಮಾಡಿದವನೇ ಉಣ್ಣುತ್ತಾನೆ ಎಂಬುದು ಅದರ ಉತ್ತರ. ಅಮೃತಚಂದ್ರಸೂರಿಯ ಪುರುಷಾರ್ಥಸಿದ್ಧ್ಯುಪಾಯದ ವಿವೇಚನೆ ಇಲ್ಲಿ ಬೆಳಕು ನೀಡುತ್ತದೆ. ರಾಗಾದಿಗಳು ಉದಿಸುವುದೇ ಹಿಂಸೆ. ಕಷಾಯವಶನಾದವನು ಮೊದಲು ತನ್ನ ಆತ್ಮವನ್ನೇ ಘಾತಿಸುತ್ತಾನೆ, ಆಮೇಲೆ ಇನ್ನೊಂದು ಜೀವಿ ಸಾಯಬಹುದು, ಸಾಯದಿರಲೂಬಹುದು ಎಂಬುದು ಆ ಗ್ರಂಥದ ಆಶಯ. ಈ ದೃಷ್ಟಿಯಿಂದ ನೋಡಿದಾಗ ತೊಡಕು ಬಿಡುತ್ತದೆ. ಹಿಟ್ಟಿನ ಕೋಳಿಗೆ ಪ್ರಾಣವಿಲ್ಲದಿದ್ದರೂ ಕತ್ತಿ ಹಿಡಿದವನಿಗೆ ಪ್ರಾಣವಿತ್ತು, ಘಾತವಾದದ್ದು ಅವನಿಗೇ. ಸುಳ್ಳು ಕನಸು, ಮರೆಮಾಚಿದ ನೋವು, ತಾಯಿಯ ಮುಂದಿನ ದೈನ್ಯ ಇವೆಲ್ಲವೂ ಆ ಹೊಡೆತದ ಹಿಂದೆ ಇದ್ದುವು.

5

ಹಾಗಾದರೆ ಒಳ್ಳೆಯ ಉದ್ದೇಶವಿದ್ದರೆ ಸಾಕೆಂಬುದು ಕಥೆಯ ನಿಲುವೇ? ಹಾಗೂ ಅಲ್ಲ. ಇದಕ್ಕೆ ಕಥೆಯಲ್ಲಿಯೇ ಇನ್ನೊಂದು ಆಚರಣೆಯ ಸಾಕ್ಷ್ಯವಿದೆ. ಯಶೋಧರನ ಮಗನಾದ ಯಶೋಮತಿ ತಂದೆಯ ಸದ್ಗತಿಗಾಗಿ ಶ್ರಾದ್ಧವನ್ನು ಮಾಡುತ್ತಾನೆ. ಅದಕ್ಕೆಂದು ಹಿಡಿದು ತಂದ ಮೀನಿನಲ್ಲಿ ಇರುವವನು ಅದೇ ತಂದೆ. ಮಗನ ಉದ್ದೇಶದಲ್ಲಿ ದೋಷವಿಲ್ಲ. ಅದು ಪಿತೃಭಕ್ತಿಯಿಂದ ಕೂಡಿದ್ದು. ಕ್ರಿಯೆಯಲ್ಲಿಯೂ ಲೋಪವಿಲ್ಲ, ಅದು ವಿಧಿಯಂತೆ ನಡೆಯಿತು. ಆದರೂ ತಂದೆಯ ಮೇಲಿನ ಭಕ್ತಿಯೇ ತಂದೆಯನ್ನು ಕೊಲ್ಲಿಸಿತು.

ಈ ಎರಡು ಪ್ರಸಂಗಗಳನ್ನು ಎದುರುಬದುರಾಗಿ ಇಟ್ಟು ನೋಡಿದಾಗ ಕಥೆಯ ವಿಚಾರದ ಪೂರ್ಣಸ್ವರೂಪ ತಿಳಿಯುತ್ತದೆ. ಹಿಟ್ಟಿನ ಕೋಳಿಯ ಪ್ರಸಂಗದಲ್ಲಿ ಕ್ರಿಯೆ ಕೆಟ್ಟದ್ದು, ಮನಸ್ಸಿನಲ್ಲಿ ಒಪ್ಪಿಗೆಯಿಲ್ಲ. ಶ್ರಾದ್ಧದ ಪ್ರಸಂಗದಲ್ಲಿ ಮನಸ್ಸು ಒಳ್ಳೆಯದು, ತಿಳಿವಳಿಕೆಯಿಲ್ಲ. ಮೊದಲನೆಯದು ಕ್ರಿಯೆಯನ್ನು ಹೊರಗಿನದೆಂದು ಕಡೆಗಣಿಸುವವರಿಗೆ ಉತ್ತರ. ಎರಡನೆಯದು ಭಾವವೊಂದೇ ಸಾಕೆನ್ನುವವರಿಗೆ ಉತ್ತರ. ದರ್ಶನ, ಜ್ಞಾನ, ಚಾರಿತ್ರ ಮೂರೂ ಸೇರಿದಾಗ ಮಾತ್ರ ಮಾರ್ಗವೆಂಬ ಜೈನ ಸಿದ್ಧಾಂತವನ್ನು ಆಚರಣೆಗಳ ಪರೀಕ್ಷೆಯ ಮೂಲಕ ಕಥಾರೂಪದಲ್ಲಿ ನಿರೂಪಿಸಲಾಗಿದೆ. ಆಚರಣೆಯ ಅರ್ಥವನ್ನು ಸಮಾಜದಲ್ಲಿ ಹುಡುಕಿದ ಡರ್ಖೈಂ ಅವರಿಗೂ, ಅರ್ಥವೇ ಇಲ್ಲವೆಂದ ಸ್ಟಾಲರಿಗೂ ಈ ಮೂರನೆಯ ದಾರಿ ಗೋಚರಿಸಲಿಲ್ಲ.

ಸಮಾಜದ ಪ್ರಶ್ನೆಯನ್ನೂ ಜೈನಾಚಾರ್ಯರು ಬಿಟ್ಟಿರಲಿಲ್ಲ. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳು 53, ದೀಕ್ಷಾನ್ವಯ ಕ್ರಿಯೆಗಳು 48, ಕರ್ತ್ರನ್ವಯ ಕ್ರಿಯೆಗಳು 7 ಎಂದು ಗೃಹಸ್ಥನ ಸಂಸ್ಕಾರಗಳನ್ನು ವಿಂಗಡಿಸಿದರು. ಸುತ್ತಲಿನ ಸಮಾಜದಲ್ಲಿದ್ದ ಕ್ರಿಯೆಗಳನ್ನು ಜೈನಮಾರ್ಗಕ್ಕೆ ಹೊಂದಿಸಿಕೊಂಡ ದೊಡ್ಡ ಪ್ರಯತ್ನವದು. ಸೋಮದೇವನು ಇದಕ್ಕೊಂದು ಸೂತ್ರವನ್ನೇ ಕೊಟ್ಟನು. ಗೃಹಸ್ಥನಿಗೆ ಲೌಕಿಕ, ಪಾರಲೌಕಿಕ ಎಂದು ಎರಡು ಧರ್ಮಗಳಿವೆ. ಮೊದಲನೆಯದಕ್ಕೆ ಲೋಕವೇ ಆಶ್ರಯ, ಎರಡನೆಯದಕ್ಕೆ ಆಗಮವೇ ಆಶ್ರಯ. ಸಮ್ಯಕ್ತ್ವಕ್ಕೆ ಹಾನಿಯಾಗದಿದ್ದರೆ, ವ್ರತಕ್ಕೆ ದೋಷ ತಗುಲದಿದ್ದರೆ ಯಾವ ಲೌಕಿಕ ವಿಧಿಯನ್ನಾದರೂ ಜೈನನು ಅಂಗೀಕರಿಸಬಹುದು ಎಂಬುದು ಆ ಸೂತ್ರದ ತಾತ್ಪರ್ಯ.

ಈ ಸೂತ್ರವನ್ನು ಜೈನರ ಉದಾರ ಹೊಂದಾಣಿಕೆಯ ನಿದರ್ಶನವಾಗಿ ವಿದ್ವಾಂಸರು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ಅದು ಇರುವುದು ಯಶಸ್ತಿಲಕದ ಕೊನೆಯ ಭಾಗವಾದ ಉಪಾಸಕಾಧ್ಯಯನದಲ್ಲಿ ಎಂಬುದನ್ನೂ ಹೇಳಿದ್ದಾರೆ. ಅದೇ ಗ್ರಂಥದ ಮೊದಲ ಭಾಗದಲ್ಲಿ ಹಿಟ್ಟಿನ ಕೋಳಿಯ ಕಥೆಯಿದೆ. ಎರಡನ್ನೂ ಒಟ್ಟಾಗಿ ಓದಬೇಕಾದುದು ಅವಶ್ಯ. ಚಂದ್ರಮತಿ ಕೇಳಿಕೊಂಡದ್ದು ಒಂದು ಲೌಕಿಕ ವಿಧಿಯನ್ನು. ಹಿಟ್ಟಿನ ಕೋಳಿಯೆಂಬುದು ಹೊಂದಾಣಿಕೆಯ ಪರಾಕಾಷ್ಠೆ. ತಾಯಿಯ ಮನಸ್ಸೂ ಉಳಿಯಲಿ, ವ್ರತವೂ ಉಳಿಯಲಿ ಎಂಬುದು ಯಶೋಧರನ ಲೆಕ್ಕ. ಕಥೆ ಆ ಲೆಕ್ಕವನ್ನು ತಪ್ಪೆನ್ನುತ್ತದೆ. ಹೊಲವನ್ನು ಉಳುವಾಗ ಜೀವಿಗಳು ಸತ್ತರೂ ರೈತನು ಪಾಪಿಯಾಗಲಾರ, ಒಂದು ಮೀನೂ ಸಿಗದಿದ್ದರೂ ಬಲೆ ಬೀಸಿದ ಬೆಸ್ತನು ಪಾಪಿಯೇ ಎಂಬ ಹೋಲಿಕೆಯನ್ನು ಸೋಮದೇವನು ಅದೇ ಉಪಾಸಕಾಧ್ಯಯನದಲ್ಲಿ ಕೊಟ್ಟಿದ್ದಾನೆ. ಯಶೋಧರನು ಬೀಸಿದ್ದು ಖಾಲಿ ಬಲೆಯನ್ನು. ಲೌಕಿಕವಿಧಿಯ ಅಂಗೀಕಾರಕ್ಕೆ ಸೋಮದೇವನು ಹಾಕಿದ ಎಲ್ಲೆ ಎಷ್ಟು ಬಿಗಿಯಾದುದೆಂಬುದು ಸೂತ್ರದಿಂದಷ್ಟೇ ತಿಳಿಯದು, ಕಥೆಯಿಂದ ತಿಳಿಯುತ್ತದೆ. ಸೂತ್ರವನ್ನು ಕಥೆಯಿಂದ ಬೇರ್ಪಡಿಸಿ ಉಲ್ಲೇಖಿಸುವ ಪದ್ಧತಿಯಿಂದ ಸೋಮದೇವನು ತಾನಿದ್ದುದಕ್ಕಿಂತ ಸಡಿಲನಾಗಿ ಕಾಣುತ್ತಿದ್ದಾನೆ.

6

ಆಚರಣೆಯನ್ನು ಇಷ್ಟು ಕಠಿನವಾಗಿ ಪರೀಕ್ಷಿಸಿದ ಕಥೆಯೇ ಒಂದು ಆಚರಣೆಯ ಅಂಗವಾದುದು ಇನ್ನೂ ಸ್ವಾರಸ್ಯಕರ. ಯಶೋಧರನ ವೃತ್ತಾಂತವು ಜೀವದಯಾಷ್ಟಮಿ ನೋಂಪಿಯ ಕಥೆಯೆಂದು ಕನ್ನಡನಾಡಿನಲ್ಲಿ ಪ್ರಸಿದ್ಧವಾಗಿದೆ. ನೋಂಪಿಯ ಕಥೆಗಳಿಗೆ ಸಾಹಿತ್ಯಚರಿತ್ರೆಯಲ್ಲಿ ದೊರೆತ ಸ್ಥಳ ಚಿಕ್ಕದು. ಶೈಲಿ ಸರಳ, ಕಥೆಗಳು ಒಂದೇ ಅಚ್ಚಿನವು ಎಂಬುದು ಅದಕ್ಕೆ ಕಾರಣ. ಆದರೆ ಆಚರಣೆಯ ಅಧ್ಯಯನಕ್ಕೆ ಇವುಗಳಿಗಿಂತ ಮಿಗಿಲಾದ ಆಕರವಿಲ್ಲ.

ನೋಂಪಿಯ ಪ್ರತಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಕ್ರಮ ಹೀಗಿದೆ. ಸಮವಸರಣದಲ್ಲಿ ಶ್ರೇಣಿಕ ಮಹಾರಾಜನು ಪ್ರಶ್ನೆ ಮಾಡುತ್ತಾನೆ. ಗೌತಮ ಗಣಧರರು ನೋಂಪಿಯನ್ನೂ ಅದನ್ನು ನೋಂತವರ ಕಥೆಯನ್ನೂ ಹೇಳುತ್ತಾರೆ. ಅನಂತರ ವಿಧಿ ಬರುತ್ತದೆ: ಯಾವ ಮಾಸ, ಯಾವ ತಿಥಿ, ಅಭಿಷೇಕ ಹೇಗೆ, ಅರ್ಚನೆ ಹೇಗೆ, ಎಷ್ಟು ವರ್ಷ ನಡೆಸಬೇಕು. ಕೊನೆಯಲ್ಲಿ ಉದ್ಯಾಪನೆಯೂ ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ದಾನಗಳೂ ಬರುತ್ತವೆ. ವ್ರತವಿಧಾನಗಳಲ್ಲಿ ಉದ್ಯಾಪನೆಗೆ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ನಡೆಸಬೇಕೆಂಬ ನಿಯಮವೂ ಉಂಟು. ಇದೂ ಬದಲಿಯ ನಿಯಮವೇ. ಆದರೆ ಹಿಟ್ಟಿನ ಕೋಳಿಯ ಬದಲಿಗೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಅಲ್ಲಿ ಬದಲಿಯು ಕರ್ತೃವಿನ ಹೊರೆಯನ್ನು ಇಳಿಸಿ ಕ್ರಿಯೆಯ ಉದ್ದೇಶವನ್ನು ಹಾಗೆಯೇ ಉಳಿಸಿತು. ಇಲ್ಲಿ ದ್ರವ್ಯದ ಕೊರತೆಯನ್ನು ಕರ್ತೃವಿನ ಸಂಯಮವೇ ತುಂಬಬೇಕು. ಬದಲಿಯಾಗಿ ಬರುವುದು ವ್ರತಿಕನ ದೇಹ, ಅವನ ಉಪವಾಸ, ಅವನ ಕಾಲ. ಬದಲಿಗಳಲ್ಲಿ ತಾರತಮ್ಯವಿದೆ; ಎಲ್ಲ ಬದಲಿಯನ್ನೂ ನಿಯಮದ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ನೋಂಪಿಯಲ್ಲಿ ಕಥೆಯನ್ನು ಕೇಳುವುದೂ ವಿಧಿಯ ಅಂಗವೇ. ಬಲಿಯ ಕ್ರಿಯೆಯಲ್ಲಿ ಯಶೋಧರನಿಗೆ ಇಲ್ಲದೆ ಹೋದ ತಿಳಿವಳಿಕೆಯನ್ನು ನೋಂಪಿ ತನ್ನ ಕ್ರಮದೊಳಗೇ ಇರಿಸಿಕೊಂಡಿದೆ. ವ್ರತಿಕರು ಉಪವಾಸವಿದ್ದು, ಅರ್ಚನೆ ಮಾಡಿ, ತಾವು ಮಾಡಿದ ಕ್ರಿಯೆ ಕುರುಡಾದರೆ ಏನಾಗುವುದೆಂಬ ಕಥೆಯನ್ನು ಕೇಳುತ್ತಾರೆ. ಆಚರಣೆಯ ವಿಮರ್ಶೆಯನ್ನೇ ಆಚರಣೆಯ ಭಾಗವನ್ನಾಗಿ ಮಾಡಿದ ಈ ಏರ್ಪಾಡನ್ನು ಅರ್ಥರಹಿತವಾದ ನಿಯಮವೆಂದು ಕರೆಯುವುದು ಸಾಧ್ಯವಿಲ್ಲ.

ಹಸ್ತಪ್ರತಿಗಳ ದೃಷ್ಟಿಯಿಂದ ಇನ್ನೊಂದು ಅಂಶವು ಮುಖ್ಯವಾದುದು. ಸಂಕಲ್ಪವೆಂಬುದನ್ನು ಆಧುನಿಕ ಸಿದ್ಧಾಂತಗಳು ವ್ಯಕ್ತಿಯ ಅಂತರಂಗದ ಸಂಗತಿಯೆಂದು ತಿಳಿದಿವೆ. ಭಾರತೀಯ ಆಚರಣೆಗಳಲ್ಲಿ ಸಂಕಲ್ಪವು ಗಟ್ಟಿಯಾಗಿ ಉಚ್ಚರಿಸುವ ವಾಕ್ಯ. ದೇಶ, ಕಾಲ, ಹೆಸರು, ಉದ್ದೇಶಗಳನ್ನು ಅದರಲ್ಲಿ ಹೇಳಲೇಬೇಕು. ಅದು ಕ್ರಿಯೆಗೆ ಮುಂಚಿನ ಮನಃಸ್ಥಿತಿಯಲ್ಲ, ಕ್ರಿಯೆಯ ಮೊದಲ ಅಂಗ. ಜೈಪುರದ ಪೂಜೆಯಲ್ಲಿ ಭಾವಕ್ಕೆ ಶ್ರಾವಕರು ಕೊಡುವ ಮಹತ್ತ್ವವನ್ನು ಹಂಫ್ರಿ ಮತ್ತು ಲೇಡ್‌ಲಾ ಅವರು ಗಮನಿಸಿದ್ದಾರೆ. ಆದರೆ ಉಚ್ಚರಿತವೂ ಲಿಖಿತವೂ ಆದ ಸಂಕಲ್ಪವು ಅವರ ವಿಚಾರದ ಕೇಂದ್ರಕ್ಕೆ ಬಂದಿಲ್ಲ. ಲಿಖಿತ ಸಂಕಲ್ಪಕ್ಕೆ ಕನ್ನಡನಾಡಿನ ತಾಡವೋಲೆಗಳ ಪ್ರಶಸ್ತಿಗಳಿಗಿಂತ ಉತ್ತಮವಾದ ಸಾಕ್ಷ್ಯ ಸಿಗದು.

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ ಧವಲಾ ಪ್ರತಿಯ ಪ್ರಶಸ್ತಿಯಂತೆ, ಗಂಗ ಪೆರ್ಮಾಡಿಗಳ ಮನೆತನದ ದೇಮಿಯಕ್ಕನು ಶ್ರುತಪಂಚಮಿ ವ್ರತದ ಉದ್ಯಾಪನೆಯ ಸಂದರ್ಭದಲ್ಲಿ ಅದನ್ನು ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆ ಎಂಬ ಶ್ರಾವಿಕೆ ಪಂಚಮಿವ್ರತದ ಉದ್ಯಾಪನೆಗಾಗಿಯೇ ಬರೆಯಿಸಿ ಮಾಘನಂದಿ ಆಚಾರ್ಯರಿಗೆ ಕೊಟ್ಟಳು. ಅದಕ್ಕೂ ಮುಂಚೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದುದು ಪ್ರಸಿದ್ಧ ಸಂಗತಿ. ದಿಗಂಬರ ಪರಂಪರೆಯ ಪರಮಾಗಮಗಳು ಇಂದಿಗೂ ದೊರೆಯುವುದು ಇಂತಹ ಶಾಸ್ತ್ರದಾನಗಳ ಫಲವಾಗಿ. ಅವುಗಳಲ್ಲಿ ಮೇಲೆ ಹೇಳಿದ ಎರಡು ಪ್ರತಿಗಳು ವ್ರತದ ಸಮಾಪ್ತಿಯಲ್ಲಿ ಶ್ರಾವಿಕೆಯರು ಮಾಡಿದ ಸಂಕಲ್ಪದಿಂದ ಬಂದುವು. ಪಠ್ಯ ಬೇರೆ, ಆಚರಣೆ ಬೇರೆ; ಒಂದನ್ನು ಭಾಷಾಶಾಸ್ತ್ರಜ್ಞನು, ಇನ್ನೊಂದನ್ನು ಮಾನವಶಾಸ್ತ್ರಜ್ಞನು ನೋಡಿಕೊಳ್ಳಲಿ ಎಂಬ ವಿಭಾಗವು ಈ ಪ್ರತಿಗಳ ಮುಂದೆ ಅರ್ಥ ಕಳೆದುಕೊಳ್ಳುತ್ತದೆ. ಇಲ್ಲಿ ಪಠ್ಯವೇ ಆಚರಣೆಯ ಫಲ.

ಇದೇ ಪ್ರತಿಗಳ ಇತಿಹಾಸಕ್ಕೆ ಇನ್ನೊಂದು ಮುಖವಿದೆಯೆಂಬುದನ್ನೂ ಮರೆಯಬಾರದು. ಶತಮಾನಗಳ ಕಾಲ ಈ ಓಲೆಗಳು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದುವು, ಓದಿಗೆ ದೊರೆಯುತ್ತಿರಲಿಲ್ಲ. 1896ರಿಂದ 1922ರ ವರೆಗೆ ನಡೆದ ಪ್ರತಿಲೇಖನದ ಕೆಲಸದಲ್ಲಿ ಎದುರಾದ ಅಡ್ಡಿಗಳೂ ಸಂಶಯಗಳೂ ವಿದ್ವಾಂಸರಿಗೆ ತಿಳಿದಿವೆ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ 1939ರಲ್ಲಿ ಪ್ರಕಟವಾದ ಮೇಲೆ ಆ ಗ್ರಂಥಗಳು ಲೋಕಕ್ಕೆ ಲಭ್ಯವಾದುವು. ಪೂಜೆಯು ಗ್ರಂಥವನ್ನು ಉಳಿಸಿತು. ಅದೇ ಪೂಜೆಯು ಗ್ರಂಥದ ಓದನ್ನು ತಡೆಯಿತು. ಜ್ಞಾನವನ್ನು ಕಳೆದುಕೊಂಡ ಕ್ರಿಯೆಯನ್ನು ಕುರಿತು ಯಶೋಧರ ಕಥೆ ಹೇಳಿದ ಎಚ್ಚರಿಕೆ ಗ್ರಂಥಪೂಜೆಗೂ ಅನ್ವಯಿಸುತ್ತದೆ.

7

ಮೇಲಿನ ವಿವೇಚನೆಯಿಂದ ಸಂಪಾದನ ಕಾರ್ಯಕ್ಕೆ ಒದಗುವ ಸೂಚನೆಗಳು ಸ್ಪಷ್ಟವಾಗಿವೆ. ನೋಂಪಿಯ ಪ್ರತಿಗಳನ್ನು ಸಂಪಾದಿಸುವಾಗ ಕಥೆಯನ್ನು ಆರಿಸಿಕೊಂಡು ವಿಧಿಯನ್ನು ಕೈಬಿಡುವುದು, ಅಥವಾ ವಿಧಿಯನ್ನು ಮಾತ್ರ ಪೂಜಾಪುಸ್ತಕಕ್ಕೆ ಸೇರಿಸಿ ಕಥೆಯನ್ನು ಬಿಡುವುದು ಸಲ್ಲದು. ಪ್ರಶಸ್ತಿ ಮತ್ತು ಪುಷ್ಪಿಕೆಗಳನ್ನು ಕಾಲನಿರ್ಣಯಕ್ಕೆ ಬೇಕಾದಷ್ಟು ಉದ್ಧರಿಸಿ ಉಳಿದುದನ್ನು ಬಿಡುವ ಪದ್ಧತಿಯೂ ತಿದ್ದಿಕೊಳ್ಳಬೇಕಾದುದೇ. ಯಾರು, ಯಾವ ವ್ರತದ ಕೊನೆಯಲ್ಲಿ, ಯಾರ ಕರ್ಮಕ್ಷಯಕ್ಕಾಗಿ ಬರೆಯಿಸಿದರು ಎಂಬ ವಾಕ್ಯವು ಆಚರಣೆಯ ಚರಿತ್ರೆಗೆ ರಾಜರ ಹೆಸರಿನಷ್ಟೇ ಬೆಲೆಯುಳ್ಳದ್ದು. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿ ಈ ಸಂಪತ್ತಿನ ವಿಸ್ತಾರವನ್ನು ತೋರಿಸಿಕೊಟ್ಟಿದೆ. ಆ ಸೂಚಿಯ ಮೇಲೆ ವಿಧಿ, ಕಥೆ, ಪ್ರಶಸ್ತಿಗಳನ್ನು ಒಟ್ಟಾಗಿ ವಿವರಿಸುವ ಸೂಚಿಗಳು ಸಿದ್ಧವಾಗಬೇಕು. ಓಲೆಗಳನ್ನು ಛಾಯಾಚಿತ್ರಗಳ ರೂಪದಲ್ಲಿ ಉಳಿಸುವ ಕೆಲಸ ಹೆಚ್ಚುತ್ತಿರುವಾಗ ಇದರ ಅಗತ್ಯವೂ ಹೆಚ್ಚಿದೆ. ಏಕೆಂದರೆ ಚಿತ್ರದಲ್ಲಿ ಅಕ್ಷರ ಉಳಿಯುತ್ತದೆ, ಆ ಅಕ್ಷರವನ್ನು ಬರೆಯಿಸಿದ ಸಂದರ್ಭವನ್ನು ವಿವರಣೆಯೇ ಉಳಿಸಬೇಕು.

ಸಿದ್ಧಾಂತದ ಮಟ್ಟದಲ್ಲಿ ಹೇಳುವುದಾದರೆ, ಆಚರಣೆಯಲ್ಲಿ ಕ್ರಿಯೆಯ ರೂಪವು ಕರ್ತೃವಿನ ಉದ್ದೇಶವನ್ನು ಮೀರಿ ನಿಲ್ಲುತ್ತದೆ ಎಂಬುದು ಆಧುನಿಕರು ಕಂಡುಕೊಂಡ ಸತ್ಯ. ಹಾಗೆ ಮೀರುವುದರಿಂದಲೇ ಯಾವ ಕ್ರಿಯೆಯೊಳಗೆ ಪ್ರವೇಶಿಸುತ್ತಿದ್ದೇನೆ ಎಂಬ ತಿಳಿವಳಿಕೆ ಕರ್ತೃವಿನ ಹೊಣೆಯಾಗುತ್ತದೆ ಎಂಬುದು ಯಶೋಧರ ಕಥೆ ಅದಕ್ಕೆ ಸೇರಿಸುವ ತಿದ್ದುಪಡಿ. ಗಿರೀಶ ಕಾರ್ನಾಡರು 1980ರಲ್ಲಿ ಇದೇ ವಸ್ತುವನ್ನು ಎತ್ತಿಕೊಂಡು 'ಹಿಟ್ಟಿನ ಹುಂಜ' ನಾಟಕವನ್ನು ಬರೆದುದು ಈ ಪ್ರಶ್ನೆ ಇಂದಿಗೂ ಸವೆದಿಲ್ಲವೆಂಬುದಕ್ಕೆ ಸಾಕ್ಷಿ. ಪ್ರಾಣಿಯ ಬದಲಿಗೆ ಹಿಟ್ಟು, ಕುಂಬಳಕಾಯಿಗಳು ಬಂದಿರುವ ಕಾಲದಲ್ಲಿ ದ್ರವ್ಯ ಬದಲಾದುದನ್ನು ಕಂಡು ಅಹಿಂಸೆ ಗೆದ್ದಿತೆಂದು ತೀರ್ಮಾನಿಸುವ ಮೊದಲು, ಕ್ರಿಯೆಯ ಸಂಕಲ್ಪವೂ ಬದಲಾಯಿತೇ ಎಂದು ಅಧ್ಯಯನಕಾರನು ಕೇಳಬೇಕು. ಆ ಪ್ರಶ್ನೆಗೆ ಬೇಕಾದ ಸಾಮಗ್ರಿ ಓಲೆಗರಿಗಳಲ್ಲಿ ಹೇರಳವಾಗಿದೆ. ಅದನ್ನು ವಿಧಿ, ಕಥೆ, ಪ್ರಶಸ್ತಿಗಳೊಡನೆ ಅಖಂಡವಾಗಿ ಓದುವ ಕೆಲಸ ಮುಂದುವರಿಯಬೇಕಾಗಿದೆ.